ಗೋಡೆಗೆ ಹೇಳಿದ ಊಟ

ಮೊನ್ನೆ ಬೆಳಿಗ್ಗೆ ನಾನಿನ್ನೂ ಹಾಸಿಗೆಯಲ್ಲಿ ಹೊರಳಾಡುತ್ತಿದ್ದಾಗಲೇ ಮೊಬೈಲು ಟಿಣ್ ಎಂದಿತು. ಕನ್ನಡಕ ಹುಡುಕಿ ನೋಡಿದರೆ ನಾನು ಕೆಲಸ ಮಾಡುವ ಕಂಪನಿಯದೇ ಸಂದೇಶ. "ಪ್ರಿಯ ಉದ್ಯೋಗಿಗಳೇ, ತಾವು ನಮ್ಮ ಸಂಸ್ಥೆಯಲ್ಲಿ ಮತ್ತೊಂದು ವರ್ಷ ಪೂರೈಸಿದ್ದೀರಿ. ತಾವು ನಮ್ಮ ಕುಟುಂಬದ ಅಮೂಲ್ಯ ಸದಸ್ಯರು" ಎಂದು ಬರೆದು, ಸುತ್ತ ಬಲೂನು ಹಾರಿಸಿ, ಕೆಳಗೆ ಸಣ್ಣಕ್ಷರದಲ್ಲಿ "ಇದು ಯಂತ್ರ ಕಳುಹಿಸಿದ ಸಂದೇಶ, ದಯವಿಟ್ಟು ಉತ್ತರಿಸಬೇಡಿ" ಎಂದು ಸೇರಿಸಿದ್ದರು. ಉತ್ತರಿಸುವ ಇರಾದೆ ನನಗೂ ಇರಲಿಲ್ಲ ಬಿಡಿ. ಆದರೆ ಬೇಡ ಅಂದಮೇಲೆ ಏನಾದರೂ ಬರೆಯೋಣ ಅನ್ನಿಸುವುದು ಮನುಷ್ಯನ ಹುಟ್ಟುಗುಣ. ಕಾಫಿ ತಂದ ಹೆಂಡತಿಗೆ ತೋರಿಸಿದೆ. ಅವಳು ಓದಿ, "ಕುಟುಂಬದೋರು ಅಂತಾರೆ, ಹೆಸರು ಮಾತ್ರ ಗೊತ್ತಿಲ್ಲ ಪಾಪ" ಎಂದು ಲೋಟ ಕೈಗಿಟ್ಟು ಹೋದಳು.

ಆ ಮಾತಿನಲ್ಲಿದ್ದ ಖಾರ ನನಗೆ ನಾರಾಯಣಮ್ಮನನ್ನು ನೆನಪಿಗೆ ತಂದಿತು. ನೀವು ನಾರಾಯಣಮ್ಮನನ್ನು ನೋಡಿರಲಾರಿರಿ. ನೋಡಿದ್ದರೆ ಮರೆಯುತ್ತಿರಲಿಲ್ಲ, ಏಕೆಂದರೆ ಅವರು ನಿಮ್ಮನ್ನು ಖಂಡಿತ ಒಮ್ಮೆಯಾದರೂ ಬೈದಿರುತ್ತಿದ್ದರು.

ಕೈಗೆ ಮೊಬೈಲು ಬಂದ ಹೊಸತು, ಮಾತಾಡಿದರೆ ದುಡ್ಡು ಹೋಗುತ್ತದೆಂದು ಎಲ್ಲರೂ ಮಿಸ್ಡ್ ಕಾಲಿನಲ್ಲೇ ಸಂಸಾರ ನಡೆಸುತ್ತಿದ್ದ ಕಾಲ ಅದು. ನಾನು ಚಿಂತಾಮಣಿಯಲ್ಲಿ ಬಿ.ಕಾಂ. ಮುಗಿಸಿ, ಶಿಡ್ಲಘಟ್ಟದ ಹೊರಗಿದ್ದ ಒಂದು ಫಿಲೇಚರಿಗೆ ರೈಟರಾಗಿ ಸೇರಿದ್ದೆ. ಫಿಲೇಚರ್ ಎಂದರೆ ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಕಾರ್ಖಾನೆ. ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ, ಗುಮಾಸ್ತ. ಬೆಂದ ಹುಳುವಿನ ವಾಸನೆ ಬಟ್ಟೆಗೆ, ತಲೆಗೂದಲಿಗೆ, ಕೊನೆಗೆ ಬಿ.ಕಾಂ. ಪದವಿಗೂ ಹತ್ತಿಕೊಂಡಿತ್ತು. ಸಂಜೆ ಬಸ್ಸು ಎಷ್ಟೇ ತುಂಬಿರಲಿ, ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಆಗ ನಾನದನ್ನು ವಿದ್ಯಾವಂತರಿಗೆ ಜನ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಫಿಲೇಚರಿನಲ್ಲಿ ನೂಲು ತೆಗೆಯುತ್ತಿದ್ದವರೆಲ್ಲ ಹೆಂಗಸರು, ಹೆಚ್ಚಿನವರು ಸಾದಲಿ ಕಡೆಯ ಹಳ್ಳಿಗಳವರು. ಅವರ ಮೇಸ್ತ್ರಿ ನಾರಾಯಣಮ್ಮ. ತಾವೂ ಒಂದು ಬೇಸಿನ್ನಿನ ಮುಂದೆ ಕೂತು ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸುತ್ತ, ಮಿಕ್ಕವರನ್ನು ಬಾಯಲ್ಲೇ ನಡೆಸುತ್ತಿದ್ದರು. ಅರ್ಧ ಕನ್ನಡ ಅರ್ಧ ತೆಲುಗು. ಹೊಗಳಿಕೆ ಯಾವ ಭಾಷೆಯಲ್ಲೂ ಇಲ್ಲ. ಯಜಮಾನರ ಮಾತನ್ನು ಹೆಂಗಸರು ಕೇಳುತ್ತಿದ್ದರು, ನಾರಾಯಣಮ್ಮನ ಮಾತಿನಂತೆ ಮಾಡುತ್ತಿದ್ದರು.

ಹೀಗಿರುವಾಗ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಹೊಸದಾಗಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಬಂತು. ಅದರ ಬಸ್ಸು ಹಳ್ಳಿಹಳ್ಳಿಗೂ ಬಂದು, ಹಾರನ್ ಹೊಡೆದು, ಹೆಂಗಸರನ್ನು ಹತ್ತಿಸಿಕೊಂಡು ಹೋಗತೊಡಗಿತು. ನಮ್ಮಲ್ಲಿ ಬೇಸಿನ್ನುಗಳು ಒಂದೊಂದಾಗಿ ತಣ್ಣಗಾದವು. ಯುಗಾದಿ ಕಳೆದರೆ ನಾರಾಯಣಮ್ಮನೂ ಹೋಗುತ್ತಾರೆ ಎಂಬ ಸುದ್ದಿ ಹಬ್ಬಿತು. ಅವರು ಹೋದರೆ ಸಾದಲಿ ಕಡೆಯವರೆಲ್ಲ ಹಿಂದೆಯೇ ಹೋಗುತ್ತಾರೆ, ಆಮೇಲೆ ಫಿಲೇಚರಿಗೆ ಬೀಗ. ಫಿಲೇಚರಿಗೆ ಬೀಗ ಬಿದ್ದರೆ ನನಗೆ ಬೀಗರೂ ಇಲ್ಲ, ಏಕೆಂದರೆ ಗೌರಿಬಿದನೂರಿನ ನಮ್ಮ ಭಾವಿ ಮಾವನವರು ಹೆಣ್ಣು ಕೊಡಲು ಒಪ್ಪಿದ್ದು ನನ್ನ ಮುಖ ನೋಡಿಯಲ್ಲ, ಕೆಲಸ ನೋಡಿ. ಹೀಗೆ ಒಬ್ಬ ಹೆಂಗಸು ಗಾರ್ಮೆಂಟ್ಸ್ ಬಸ್ಸು ಹತ್ತುವುದರ ಮೇಲೆ ನನ್ನ ಮದುವೆ ನಿಂತಿತ್ತು.

ಆಗಲೇ ನಮ್ಮ ಚಿಕ್ಕ ಯಜಮಾನರು ರಂಗಪ್ರವೇಶ ಮಾಡಿದ್ದು. ದೊಡ್ಡ ಯಜಮಾನರ ಮಗ ಮಂಜುನಾಥ. ಓದಿಕೊಂಡು ಬಂದ ಹುಡುಗ, ಒಳ್ಳೆಯ ಮನಸ್ಸು, ಮಧ್ಯಾಹ್ನದ ಊಟವನ್ನು ಚಮಚದಲ್ಲಿ ಮಾಡುತ್ತಿದ್ದರು. ನೌಕರರನ್ನು ಉಳಿಸಿಕೊಳ್ಳುವುದು ಹೇಗೆಂದು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ನಡೆದ ಶಿಬಿರಕ್ಕೆ ಹೋಗಿ ಬಂದರು. ಬಂದವರೇ ನನ್ನನ್ನು ಕರೆದು, "ನೀವಿನ್ನು ರೈಟರ್ ಅಲ್ಲ, ಎಚ್.ಆರ್. ಎಕ್ಸಿಕ್ಯೂಟಿವ್" ಎಂದರು. ಸಂಬಳದ ವಿಷಯ ಎತ್ತಲಿಲ್ಲ. ನಾನೂ ಎತ್ತದೆ, ಆ ಹೆಸರನ್ನು ಮಾತ್ರ ಅಂದೇ ಗೌರಿಬಿದನೂರಿಗೆ ಮುಟ್ಟಿಸಿದೆ.

ಮಾರನೆಯ ದಿನ ಅವರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, "ಇನ್ನು ಮುಂದೆ ನೀವೇ ನಮ್ಮ ನಿಜವಾದ ಆಸ್ತಿ" ಎಂದು ಭಾಷಣ ಮಾಡಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾರಾಯಣಮ್ಮ ಮೆಲ್ಲಗೆ, "ಆಸ್ತಿ ಅಂದ್ರೆ ನಾಳೆ ಪಾಲು ಮಾಡ್ಕೋತಾರಲ್ಲಪ್ಪ, ನಾನು ಯಾರ ಪಾಲಿಗೆ?" ಎಂದರು.

ತಿಂಗಳ ಉತ್ತಮ ಕೆಲಸಗಾರ್ತಿಯ ಫೋಟೋ ಹಾಕುವುದು ಎರಡನೆಯ ಕ್ರಮ. ಮೊದಲ ತಿಂಗಳು ಆಂಜಿನಮ್ಮ ಎಂಬ ಚುರುಕು ಹುಡುಗಿಯ ಫೋಟೋಕ್ಕೆ ಕಟ್ಟು ಹಾಕಿಸಿ ಬಾಗಿಲ ಎದುರಿನ ಗೋಡೆಗೆ ತೂಗುಹಾಕಿದೆವು. ದಿನವೂ ದೇವರ ಪಟಕ್ಕೆ ಹೂ ಹಾಕುತ್ತಿದ್ದ ಕಸದ ಮುನೆಮ್ಮ, ಪಕ್ಕದಲ್ಲೇ ಇನ್ನೊಂದು ಪಟ ಕಂಡದ್ದರಿಂದ ಅದಕ್ಕೂ ಒಂದು ಹಾರ ಹಾಕಿ, ಊದುಬತ್ತಿ ಸಿಕ್ಕಿಸಿದಳು. ಅದೇ ದಿನ ಸೊಸೆಗೆ ಊಟದ ಬುತ್ತಿ ತಂದ ಆಂಜಿನಮ್ಮನ ಅತ್ತೆ ಬಾಗಿಲಲ್ಲೇ ಎದೆ ಬಡಿದುಕೊಂಡು ಕುಸಿದಳು. ಸೊಸೆ ಒಳಗಿನಿಂದ ಓಡಿಬಂದು, "ಇದೀನಿ ಅತ್ತೆ, ಇದೀನಿ" ಎಂದು ಮುಟ್ಟಿ ತೋರಿಸಬೇಕಾಯಿತು. ಫೋಟೋ ಇಳಿಯಿತು. ಆಂಜಿನಮ್ಮನಿಗೆ ಮಾತ್ರ ಲಾಭವಾಯಿತು. ಅಂದಿನಿಂದ ಅತ್ತೆ ಅವಳನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಸುದ್ದಿ.

ಮೂರನೆಯದು ಸಲಹೆ ಪೆಟ್ಟಿಗೆ. ನಿಮ್ಮ ಕಷ್ಟವನ್ನು ಹೆಸರಿಲ್ಲದೆ ಬರೆದು ಹಾಕಿ ಎಂದರು. ತೆಗೆದು ನೋಡಿದರೆ ಒಂದೆರಡು ಬಸ್ ಟಿಕೆಟ್ಟು, ಒಂದು ಎಲೆಅಡಿಕೆಯ ತೊಟ್ಟು, ಮತ್ತು "ರೈಟರಿಗೆ ನಗೋದು ಕಲಿಸಿ" ಎಂಬ ಒಂದು ಚೀಟಿ.

ಚಿಕ್ಕ ಯಜಮಾನರು ಧೈರ್ಯಗೆಡಲಿಲ್ಲ. ಭಾನುವಾರ ಫ್ಯಾಕ್ಟರಿಯ ಅಂಗಳದಲ್ಲಿ ಎಲ್ಲ ಕೆಲಸಗಾರರಿಗೂ ಮನೆಮಂದಿಗೂ ಊಟ ಎಂದು ತೀರ್ಮಾನಿಸಿದರು. ನಾನು ಚಂದದ ಅಕ್ಷರದಲ್ಲಿ ಬರೆದು, ಸುತ್ತ ಬಳ್ಳಿ ಬಿಡಿಸಿ, ನೋಟೀಸ್ ಬೋರ್ಡಿಗೆ ಅಂಟಿಸಿದೆ. ನನ್ನ ಠೀವಿಯನ್ನು ತೋರಿಸುವ ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು, ಖುದ್ದಾಗಿ ಗೌರಿಬಿದನೂರಿಗೆ ಹೋಗಿ ಭಾವಿ ಮಾವನವರನ್ನೂ ಅವರ ಕಡೆಯವರನ್ನೂ ಕರೆದು ಬಂದೆ.

ಭಾನುವಾರ ಬಂತು. ಶಾಮಿಯಾನ, ಬೆಂಚು, ಬಾಳೆ ಎಲೆ, ಹೋಳಿಗೆ, ಪಲ್ಯ, ಹಂಡೆ ತುಂಬ ಅನ್ನ. ಕಾದೆವು. ಅನ್ನ ಆರಿತು. ಸಾರು ಮತ್ತೆ ಬಿಸಿಯಾಗಿ ಮತ್ತೆ ಆರಿತು. ಸಾದಲಿ ಕಡೆಯ ಬಸ್ಸು ಗೇಟಿನ ಮುಂದೆ ನಿಲ್ಲದೆ ಹೋಯಿತು. ಕೊನೆಗೆ ಗೇಟಿನಲ್ಲಿ ಗಲಗಲ ಸದ್ದಾಯಿತು. ಚಿಕ್ಕ ಯಜಮಾನರು ಓಡಿಹೋಗಿ ಕೈಮುಗಿದು ಬರಮಾಡಿಕೊಂಡರು. ಬಂದವರು ಗೌರಿಬಿದನೂರಿನವರು. ಖಾಲಿ ಪಂಕ್ತಿಯ ನಡುವೆ ನಮ್ಮ ಮಾವನವರು ಪರಿವಾರ ಸಮೇತ ಕೂತು ಸಾವಕಾಶವಾಗಿ ಹೋಳಿಗೆ ಮುಗಿಸಿ, ತುಪ್ಪದ ಕೈ ನೆಕ್ಕುತ್ತ ಕೇಳಿದರು:

"ಏನಪ್ಪ, ನಿಮ್ಮ ಫ್ಯಾಕ್ಟರೀಲಿ ಕೆಲಸ ಮಾಡೋರು ಯಾರೂ ಇಲ್ವಾ?"

"ಇದಾರೆ ಮಾವ. ಭಾನುವಾರ ಅಲ್ವಾ, ರಜ."

"ಮತ್ತೆ ಊಟ ಯಾರಿಗೆ?"

ನಾನು ಇನ್ನೊಂದು ಹೋಳಿಗೆ ಬಡಿಸಿದೆ. ಉಳಿದ ಅಡಿಗೆಯನ್ನು ಊರಿನ ಹಾಸ್ಟೆಲಿಗೆ ಕಳಿಸಿದೆವು.

ಸೋಮವಾರ ಬೆಳಿಗ್ಗೆ ಹೆಂಗಸರೆಲ್ಲ ಏನೂ ಆಗಿಲ್ಲವೆಂಬಂತೆ ಬಂದು ಕೂತರು. ನಾನು ಸೀದಾ ನಾರಾಯಣಮ್ಮನ ಬೇಸಿನ್ನಿನ ಬಳಿ ಹೋದೆ.

"ಯಾಕಮ್ಮ ಯಾರೂ ಬರಲಿಲ್ಲ?"

"ಎಲ್ಲಿಗಪ್ಪ?"

"ಊಟಕ್ಕೆ."

"ಯಾರು ಕರೆದ್ರು?"

"ಬೋರ್ಡಿಗೆ ಹಾಕಿದ್ನಲ್ಲ. ಓದಲಿಲ್ವಾ?"

"ಓದಿದ್ವಿ ರೈಟರಪ್ಪ. ಆಂಜಿನಮ್ಮ ಎಲ್ಲರಿಗೂ ಕೇಳ್ಸೋ ಹಂಗೆ ಓದಿದ್ಳು. ಬಳ್ಳಿ ಚೆನ್ನಾಗೇ ಬಿಡ್ಸಿದ್ದೆ. ಆದ್ರೆ ನೀನು ಹೇಳಿದ್ದು ಗೋಡೆಗೆ. ಸರಿಲೆ, ಗೋಡೇನೇ ಹೋಗಿ ಉಂಡು ಬರಲಿ ಅಂತ ಸುಮ್ಕಿದ್ವಿ."

ಸುತ್ತಲಿನ ಬೇಸಿನ್ನುಗಳಲ್ಲಿ ನಗು ಕುದಿಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ನಾನೂ ಅದೇ ಸೀಮೆಯವನು. ನಮ್ಮ ಸೋದರತ್ತೆಯೊಬ್ಬರಿದ್ದರು. ಅವರ ಅಣ್ಣನ ಮಗ ತನ್ನ ಮಗುವಿನ ನಾಮಕರಣಕ್ಕೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅತ್ತೇ, ಶುಕ್ರವಾರ ಬಂದ್ಬಿಡು" ಎಂದು ಕೂಗಿದ್ದ. ಅತ್ತೆ ಹೋಗಲಿಲ್ಲ. ಆಮೇಲೆ ಆ ಮಗು ಶಾಲೆಗೆ ಸೇರುವವರೆಗೂ ಅವರ ಮನೆಯ ನೀರು ಮುಟ್ಟಲಿಲ್ಲ. ನಮ್ಮ ಕಡೆ ಕರೆಯುವುದೆಂದರೆ ಮನೆಗೆ ಬರಬೇಕು, ಕೂರಬೇಕು, ಹೆಣ್ಣುಮಕ್ಕಳಿಗೆ ಕುಂಕುಮ ಕೊಡಬೇಕು, "ಅವತ್ತು ನಿಮ್ಮನೇಲಿ ಒಲೆ ಹಚ್ಚಬೇಡಿ" ಎನ್ನಬೇಕು. ಹಾಗೆ ಕರೆದರೆ ಗಂಜಿಗೂ ಬರುತ್ತಾರೆ. ಇಲ್ಲದಿದ್ದರೆ ಅಮೃತಕ್ಕೂ ಇಲ್ಲ. ಹೊಟ್ಟೆ ಹಸಿದಿರುವುದು ಬೇರೆ, ಕರೆಯದೆ ಹೋಗಿ ಉಣ್ಣುವುದು ಬೇರೆ.

ಇದನ್ನು ಚಿಕ್ಕ ಯಜಮಾನರಿಗೆ ವಿವರಿಸಿದೆ. ಅವರು ಒಂದು ಗಳಿಗೆ ಯೋಚಿಸಿ, "ಹಾಗಾದರೆ ನಡೀರಿ, ಕರೆಯೋಣ" ಎಂದು ಎದ್ದೇಬಿಟ್ಟರು. ಆ ಹುಡುಗನಲ್ಲಿ ನನಗೆ ಹಿಡಿಸಿದ್ದು ಅದೇ. ಯುಗಾದಿ ಕಳೆದ ಭಾನುವಾರಕ್ಕೆ ಹೊಸದಾಗಿ ಊಟ ಗೊತ್ತುಮಾಡಿ, ಸಂತೆಯಲ್ಲಿ ಒಂದು ಕುಂಕುಮದ ಬಟ್ಟಲು ಕೊಂಡು, ಇಬ್ಬರೂ ಮೋಟಾರ್ ಸೈಕಲ್ ಹತ್ತಿದೆವು. ಅವರೂ ಬ್ರಹ್ಮಚಾರಿ, ನಾನೂ ಬ್ರಹ್ಮಚಾರಿ. ಮೊದಲ ಮನೆಯಲ್ಲಿ ಕುಂಕುಮದ ಬಟ್ಟಲು ಹಿಡಿದು ಜಗಲಿಯ ಮೇಲೆ ಕೂತಿದ್ದೇ ತಡ, ಒಳಗೆ ಗುಸುಗುಸು ಶುರುವಾಯಿತು, ಒಂದು ಹುಡುಗಿ ಹಿಂದಿನ ಬಾಗಿಲಿಂದ ಓಡಿಹೋದಳು. ಅಜ್ಜಿಯೊಬ್ಬಳು ಹೊರಗೆ ಬಂದು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಗಂಡು ಯಾರಪ್ಪ, ಇವನಾ ಅವನಾ?" ಎಂದಳು. ಮಾರನೆಯ ದಿನದಿಂದ ಚಿಕ್ಕ ಯಜಮಾನರ ತಾಯಿಯವರನ್ನು ಜೊತೆಗೆ ಕರೆದುಕೊಂಡು ಕಾರಿನಲ್ಲಿ ಹೊರಟೆವು.

ಮನೆಮನೆ ತಿರುಗಿದಾಗ ಒಂದು ಚೋದ್ಯ ನಡೆಯಿತು. ಪೆಟ್ಟಿಗೆಗೆ ಒಂದಕ್ಷರ ಹಾಕದ ಹೆಂಗಸರು, ತಮ್ಮ ಜಗಲಿಯ ಮೇಲೆ ಕೂತವರಿಗೆ ನೀರು ಕೊಟ್ಟು, ಎಲೆಅಡಿಕೆ ಕೊಟ್ಟು, ಬಾಯಿತುಂಬ ಮಾತಾಡಿದರು. ಒಬ್ಬಳಿಗೆ ಸಂಜೆ ಬಸ್ಸು ತಪ್ಪಿ ಕತ್ತಲಲ್ಲಿ ನಡೆಯುವ ಭಯ. ಇನ್ನೊಬ್ಬಳಿಗೆ ಎಳೆಗೂಸನ್ನು ಎಲ್ಲಿ ಬಿಡುವುದೆಂಬ ಚಿಂತೆ. ಮತ್ತೊಬ್ಬಳ ಗಂಡ, "ನಮ್ಮನೆಯೋಳು ಬಂದ್ರೆ ಹುಳದ ವಾಸ್ನೆ ಅಂತ ನೆಂಟ್ರು ಮೂಗು ಮುಚ್ಕೋತಾರೆ, ಆದ್ರೆ ಅವಳ ದುಡ್ಡಿಗೆ ಯಾವ ವಾಸ್ನೇನೂ ಇಲ್ಲ ಸಾಮಿ" ಎಂದು ನಕ್ಕ. ಚಿಕ್ಕ ಯಜಮಾನರು ಎಲ್ಲವನ್ನೂ ಕೇಳಿದರು. ಪ್ರತಿ ಮನೆಯಲ್ಲೂ ಕೊಟ್ಟ ಕಾಫಿಯನ್ನೂ ಕುಡಿದರು. ಆ ವಾರ ಅವರಿಗೆ ನಿದ್ದೆ ಬರಲಿಲ್ಲವೆಂದು ತಾಯಿಯವರು ದೂರಿದರು.

ಕೊನೆಯ ಮನೆ ನಾರಾಯಣಮ್ಮನದು. ಬೇಕೆಂದೇ ಕೊನೆಗಿಟ್ಟುಕೊಂಡಿದ್ದೆವು, ಭಯ. ಹಬ್ಬಕ್ಕೆ ಇನ್ನೂ ತಿಂಗಳಿದ್ದ ಒಂದು ಭಾನುವಾರ ಮಧ್ಯಾಹ್ನ. ಕರೆಯುವುದಕ್ಕೆ ಮುಂಚೆಯೇ ಅವರು, "ಊಟದ ಹೊತ್ತಿಗೆ ಬಂದೋರು ಹಂಗೇ ಹೋಗಂಗಿಲ್ಲ" ಎಂದು ಕೂರಿಸಿದರು. ತಟ್ಟೆಗಳು ಬಂದವು. ಮುದ್ದೆ, ಹುರುಳಿಕಾಳಿನ ಸಾರು. ಚಿಕ್ಕ ಯಜಮಾನರು ಮುದ್ದೆಯನ್ನು ನೋಡಿದ ರೀತಿ ನೋಡಿ ನನಗೆ ನಗು. ಅಷ್ಟರಲ್ಲಿ ಸೊಸೆ ಒಂದು ಚಮಚ ತಂದಳು. ಅವರು ಬದುಕಿದೆ ಎಂದು ಕೈಚಾಚಿದರು. ಸೊಸೆ ಅವರನ್ನು ದಾಟಿ ಹೋಗಿ ಚಮಚವನ್ನು ನಾರಾಯಣಮ್ಮನ ತಟ್ಟೆಯಲ್ಲಿಟ್ಟಳು.

ಮುದ್ದೆಯನ್ನು ಚಮಚದಲ್ಲಿ ತಿನ್ನುವುದನ್ನು ನೀವು ನೋಡಿದ್ದೀರಾ? ನಾನಂತೂ ಅದಕ್ಕೆ ಮುಂಚೆ ನೋಡಿರಲಿಲ್ಲ. ನಾರಾಯಣಮ್ಮ ಚಮಚದ ಅಂಚಿನಿಂದ ಮುದ್ದೆ ಕತ್ತರಿಸಿ, ಸಾರಿಗೆ ಮುಳುಗಿಸಿ, ಔಷಧಿಯಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಚಿಕ್ಕ ಯಜಮಾನರು ಹೊಟ್ಟೆತುಂಬ ನಕ್ಕು, "ಏನು ನಾರಾಯಣಮ್ಮ, ನಮಗಿಂತ ಸ್ಟೈಲು!" ಎಂದರು. ನಾನೂ ನಕ್ಕೆ. ನಾರಾಯಣಮ್ಮನೂ ನಕ್ಕು, "ಮೊಮ್ಮಗಳು ದೊರೆಸಾನಿ ಅಂತಾನೇ ಕರೀತಾಳೆ" ಎಂದರು.

ನಗದೆ ಇದ್ದವಳು ಸೊಸೆ. "ಸ್ಟೈಲಲ್ಲ ಸಾರ್. ಅತ್ತೆ ಕೈ ನೋಡಿ" ಎಂದಳು.

"ಸುಮ್ಕಿರೇ" ಎಂದು ನಾರಾಯಣಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಚಿಕ್ಕ ಯಜಮಾನರ ತಾಯಿಯವರು ಪಕ್ಕದಲ್ಲೇ ಕೂತಿದ್ದರು. ಅವರು ಆ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ತಮ್ಮ ಅಂಗೈ ಮೇಲಿಟ್ಟುಕೊಂಡರು. ಬೆರಳ ತುದಿಗಳೆಲ್ಲ ಬಿಳಿಚಿ ಊದಿದ್ದವು. ಸಂದುಗಳಲ್ಲಿ ಚರ್ಮ ಸೀಳಿ ಕೆಂಪಗಿತ್ತು.

"ನೂಲು ತೆಗೆಯೋರ ಕೈ ಎಲ್ಲಾರ್ದೂ ಹಿಂಗೇ ಕಣಪ್ಪ" ಎಂದರು ನಾರಾಯಣಮ್ಮ, ತಾವೇ ತಪ್ಪು ಮಾಡಿದವರಂತೆ. "ದಿನಾ ಬಿಸಿನೀರಲ್ಲಿ ನೆಂದೂ ನೆಂದೂ ಹಿಂಗಾಗುತ್ತೆ. ಸಾರಿನ ಖಾರ ತಗುಲಿದ್ರೆ ಪ್ರಾಣ ಹೋದಂಗಾಗುತ್ತೆ. ಗಾರ್ಮೆಂಟ್ಸ್‌ಗೆ ಹೋಗ್ತೀನಿ ಅಂದಿದ್ದು ಸಂಬಳಕ್ಕಲ್ಲ. ಅಲ್ಲಿ ಕೈ ಒಣಗಿರುತ್ತಂತೆ. ಮುದ್ದೇನ ಕೈಯಾಗೆ ಮುರ್ದು ತಿನ್ಬೇಕು ಅಂತ ಆಸೆ, ಅಷ್ಟೇ."

"ಮತ್ತೆ ಹೇಳಬಾರದಿತ್ತಾ? ಪೆಟ್ಟಿಗೆ ಇಟ್ಟಿದ್ದೆನಲ್ಲ" ಎಂದರು ಚಿಕ್ಕ ಯಜಮಾನರು. ದನಿ ಸಣ್ಣಗಾಗಿತ್ತು.

"ಮನೆಗೆ ಬಂದೋರಿಗೆ ಹೇಳ್ಬೌದಪ್ಪ. ಪೆಟ್ಟಿಗೆಗೆ ಏನಂತ ಹೇಳಣ?"

ಚಿಕ್ಕ ಯಜಮಾನರು ತಲೆ ಬಗ್ಗಿಸಿ ಮುದ್ದೆಗೆ ಕೈ ಹಾಕಿದರು. ಪಾಪ, ನುಂಗಬೇಕೆಂದು ತಿಳಿಯದೆ ಅಗಿದರು. ಮುದ್ದೆ ಹಲ್ಲಿಗೆಲ್ಲ ಅಂಟಿಕೊಂಡು ಬಾಯಿ ಕಟ್ಟಿಹೋಯಿತು. ಒಂದು ಚೊಂಬು ನೀರು ಕುಡಿದರೂ ಬಿಡದೆ ಪೂರ್ತಿ ತಿಂದು ಎದ್ದರು.

ಮನೆಗೆ ಹೋದವರೇ ದೊಡ್ಡ ಯಜಮಾನರ ಜೊತೆ ಜಗಳವಾಡಿದರಂತೆ. ನಮ್ಮಪ್ಪನ ಕಾಲದಿಂದಲೂ ಕೈ ಹೀಗೇ, ನೂಲು ಬೇಕೆಂದರೆ ನೀರು ಬೇಕು ಎಂದು ದೊಡ್ಡವರ ವಾದ. ಆ ಕೈಯನ್ನು ಹಿಡಿದು ನೋಡಿ ಬಂದಿದ್ದೇನೆ ಎಂದು ತಾಯಿಯವರು ಒಂದೇ ಮಾತು ಹೇಳಿದ ಮೇಲೆ ವಾದ ನಿಂತಿತಂತೆ. ಕೈ ಒಡೆದವರಿಗೆಲ್ಲ ವಾಸಿಯಾಗುವವರೆಗೆ ಗೂಡು ಆರಿಸುವ ಒಣ ಕೆಲಸ, ಸಂಬಳ ಮೊದಲಿನಷ್ಟೇ. ಆಮೇಲೆ ಎಲ್ಲರಿಗೂ ಸರದಿಯಂತೆ ಒಂದು ವಾರ ನೀರು, ಒಂದು ವಾರ ಒಣಗಲು. ನೂಲಿನ ತೂಕ ಇಳಿಯಿತು, ದೊಡ್ಡ ಯಜಮಾನರ ಮುಖ ಬಾಡಿತು. ಗಾರ್ಮೆಂಟ್ಸ್ ಬಸ್ಸು ದಿನಾ ಬರುತ್ತಲೇ ಇತ್ತು. ನಾರಾಯಣಮ್ಮನನ್ನು "ಇರ್ತೀರಾ ಹೋಗ್ತೀರಾ?" ಎಂದು ನಾನು ಕೇಳಿದಾಗಲೆಲ್ಲ, "ಹಬ್ಬ ಕಳೀಲಿ, ಚೂಸ್ತಾಂ" ಎನ್ನುತ್ತಿದ್ದರು. ನೋಡೋಣ ಎಂಬ ಆ ತೆಲುಗು ಮಾತನ್ನು ನಾನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಹಬ್ಬ ಕಳೆಯಿತು. ಭಾನುವಾರ ಬಂತು. ಈ ಸಲ ಸಾದಲಿ ಬಸ್ಸು ಗೇಟಿನ ಮುಂದೆ ನಿಂತಿತು, ನಿಂತದ್ದು ಹೊರಡಲು ಬಹಳ ಹೊತ್ತಾಯಿತು, ಅಷ್ಟು ಜನ ಇಳಿದರು. ಒಲೆ ಹಚ್ಚಬೇಡಿ ಎಂದದ್ದನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸಿದ್ದರು. ಅಜ್ಜಿಯರು, ಕೂಸುಗಳು, ಹಬ್ಬಕ್ಕೆ ಬಂದ ನೆಂಟರು, ಆ ನೆಂಟರ ನೆಂಟರು. ಈ ಸಲವೂ ಬಂದಿದ್ದ ಗೌರಿಬಿದನೂರಿನ ಮಾವನವರಿಗೆ ಮೂರನೆಯ ಪಂಕ್ತಿಯವರೆಗೂ ಜಾಗ ಸಿಗಲಿಲ್ಲ. ಹಸಿದು ನಿಂತಿದ್ದರೂ ಅವರ ಮುಖದಲ್ಲಿ ಸಮಾಧಾನ ಕಂಡಿತು, ಅಳಿಯನ ಫ್ಯಾಕ್ಟರಿಯಲ್ಲಿ ಜನ ಇದ್ದಾರೆ.

ಚಿಕ್ಕ ಯಜಮಾನರು ಪಂಚೆ ಎತ್ತಿಕಟ್ಟಿ ತಾವೇ ಸಾರು ಬಡಿಸುತ್ತಿದ್ದರು. ನಾರಾಯಣಮ್ಮನ ಎಲೆಯ ಮುಂದೆ ಬಂದು ನಿಂತು, "ಚಮಚ ತರಿಸ್ಲಾ?" ಎಂದರು.

ಅಕ್ಕಪಕ್ಕದ ಹೆಂಗಸರೆಲ್ಲ ಊಟ ನಿಲ್ಲಿಸಿ ತಿರುಗಿದರು. ನಾರಾಯಣಮ್ಮ ಬಲಗೈ ಚಾಚಿ, ಹೊಗೆಯಾಡುವ ಮುದ್ದೆಯಿಂದ ಒಂದು ತುತ್ತು ಮುರಿದರು, ಬೆರಳಲ್ಲೇ ಗುಂಡಗೆ ಮಾಡಿ, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗಿದರು. ನಾವು ಕಾದೆವು. ಅವರು ಕಣ್ಣು ಬಿಟ್ಟು, ಚಿಕ್ಕ ಯಜಮಾನರ ಮುಖ ನೋಡಿ, "ಉಪ್ಪು ಕಮ್ಮಿ ಆಗೈತೆ ಕಣಪ್ಪ" ಎಂದರು.

ಚಿಕ್ಕ ಯಜಮಾನರು ಉಪ್ಪು ತರಲು ಓಡಿದರು. ಓಡುವಾಗ ತೋಳಿನಿಂದ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ. ಸಾರಿನ ಹೊಗೆ ಎಂದರು ಆಮೇಲೆ. ಮಾರನೆಯ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹಾರನ್ ಹೊಡೆದಾಗ ನಾರಾಯಣಮ್ಮ ಅದಕ್ಕೆ ಬೆನ್ನು ತಿರುಗಿಸಿ ನಿಂತು ಶಿಡ್ಲಘಟ್ಟದ ಬಸ್ಸಿಗೆ ಕಾದರಂತೆ. ನನ್ನ ಮದುವೆಯೂ ಆಯಿತು. ಮನೆಗೆ ಹೋಗಿ ಕರೆದಿದ್ದೆ, ಬಂದರು, ಉಂಡರು, ಅಲ್ಲೂ ಉಪ್ಪು ಕಮ್ಮಿ ಎಂದರು.

ಇಷ್ಟೆಲ್ಲ ನೆನೆಯುತ್ತ ಕೂತು ಮೊನ್ನೆ ಆಫೀಸಿಗೆ ತಡವಾಗಿ ಹೋದೆ. ಮಧ್ಯಾಹ್ನ ಏನನ್ನಿಸಿತೋ, ಎಂದೂ ಹೋಗದವನು ಡಬ್ಬಿ ಹಿಡಿದು ಗೇಟಿನ ಕಡೆ ನಡೆದೆ. ನಮ್ಮ ವಾಚ್‌ಮನ್ ಮುನಿವೆಂಕಟಪ್ಪನವರು ಕಾಂಪೌಂಡಿನ ಮೇಲೆ ಡಬ್ಬಿ ಇಟ್ಟುಕೊಂಡು ನಿಂತೇ ಊಟ ಮಾಡುತ್ತಿದ್ದರು. ತಲೆ ನರೆತ ಮನುಷ್ಯ.

"ಯಾಕೆ ನಿಂತು ಉಣ್ತೀರಿ?" ಎಂದೆ.

"ಕುರ್ಚಿ ಕೊಟ್ರೆ ನಿದ್ದೆ ಮಾಡ್ತಾರೆ ಅಂತ ಕೊಡಲ್ಲ ಸಾರ್. ಅಭ್ಯಾಸ ಆಗೋಗಿದೆ."

ನಾನು ಒಳಗೆ ಹೋಗಿ ನನ್ನ ಕುರ್ಚಿಯನ್ನು ಎತ್ತಿಕೊಂಡು ಬಂದೆ. ಬೇಡ ಬೇಡ ಎಂದರು. ಕೂತರು. ಕೂತ ಮೇಲೆ ಕಾಲು ಚಾಚಿ ಒಂದು ನಿಟ್ಟುಸಿರು ಬಿಟ್ಟರು ನೋಡಿ, ಅದನ್ನು ಯಾವ ಪೆಟ್ಟಿಗೆಯಲ್ಲೂ ಯಾರೂ ಬರೆದು ಹಾಕಲಾರರು.

ಅಂದಿನಿಂದ ನಾನು ಆಫೀಸಿನಲ್ಲಿ ನಿಂತೇ ಕೆಲಸ ಮಾಡುತ್ತಿದ್ದೇನೆ. ಕೇಳಿದವರಿಗೆ ಸೊಂಟನೋವು, ಡಾಕ್ಟರು ಕೂರಬೇಡಿ ಅಂದಿದ್ದಾರೆ ಎನ್ನುತ್ತೇನೆ. ಎಚ್.ಆರ್. ವಿಭಾಗದ ಹುಡುಗಿ ನಿನ್ನೆ ಗಾಬರಿಯಿಂದ ಬಂದು, "ಸಾರ್, ನಿಮ್ಮ ಆರೋಗ್ಯ ನಮಗೆ ಮುಖ್ಯ. ಸೊಂಟಕ್ಕೆ ಒಳ್ಳೇದಂತೆ, ಹೊಸ ಥರದ ಕುರ್ಚಿ ಆರ್ಡರ್ ಮಾಡಿದೀನಿ, ಶುಕ್ರವಾರ ಬರುತ್ತೆ" ಎಂದಳು. ಒಳ್ಳೆಯ ಹುಡುಗಿ. ನಾನು ಕೈಮುಗಿದೆ.

ಬರಲಿ. ಹಿಂದಿನ ಗೇಟಿನಲ್ಲೂ ಒಬ್ಬರು ನಿಂತಿದ್ದಾರೆ.